ಸುಗ್ಗಿ ಮುಗಿದರೆ ಇಲಿಗೆ ಮನೆಯೇ ಗದ್ದೆ!

ನಾಲ್ಕು ತಾಲ್ಲೂಕಿನಲ್ಲೂ ಒಂದೇ ಕಾಟ. ಅಂಗಡಿ ಪಾಷಾಣವೇ ಮದ್ದಲ್ಲ

ಮಂಡ್ಯ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಅದು ರೈತನಿಗೆ ಮಾತ್ರ ಸುಗ್ಗಿಯಲ್ಲ, ಇಲಿಗೂ ಸುಗ್ಗಿ. ವ್ಯತ್ಯಾಸ ಇಷ್ಟೇ. ರೈತನ ಸುಗ್ಗಿ ಕಣದಲ್ಲಿ ಮುಗಿಯುತ್ತದೆ, ಇಲಿಯ ಸುಗ್ಗಿ ಮನೆಯಲ್ಲಿ ಶುರುವಾಗುತ್ತದೆ. ಭತ್ತ ಕುಯ್ದ ಮೇಲೆ ಗದ್ದೆ ಬಯಲಾಗುತ್ತದೆ. ಕಬ್ಬು ಕಡಿದ ಮೇಲೆ ಅಡಗಲು ಜಾಗವಿಲ್ಲ. ಬದುವಿನ ಬಿಲದಲ್ಲಿ ಕೂಡಿಟ್ಟ ತೆನೆ ಮುಗಿಯುತ್ತದೆ. ಆಮೇಲೆ ಇಲಿಗಳ ದಂಡಿಗೆ ಉಳಿಯುವುದು ಒಂದೇ ದಾರಿ. ಅದು ಊರ ಕಡೆಯ ದಾರಿ, ಮೂಟೆ ಜೋಡಿಸಿಟ್ಟ ಮನೆಯ ದಾರಿ.

ರಾತ್ರಿ ಹತ್ತು ಹೊಡೆದ ಮೇಲೆ ಅಟ್ಟದ ಮೇಲೆ ಕುದುರೆ ಓಡಿದಂತೆ ಸದ್ದು. ಬೆಳಗಾಗೆದ್ದರೆ ಅಕ್ಕಿ ಮೂಟೆಗೆ ತೂತು, ಹೊಸ ಸೀರೆಗೆ ಕತ್ತರಿ, ಸ್ಕೂಟರಿನ ವೈರಿಗೆ ಹಲ್ಲು. "ಇಲಿ ಅನ್ನದು ಎಲ್ರ ಮನೇಲೂ ಇದ್ದುದ್ದೆ ಕಣ್ ಬುಡಿ" ಎಂದು ಹಿರಿಯರು ಕೈ ಚೆಲ್ಲುತ್ತಾರೆ. "ಗಣಪತಿ ವಾಹನ, ಹೊಡೀಬಾರ್ದು" ಎಂದು ಅಜ್ಜಿ ಒಂದು ಕಡೆ. "ಒಂದ್ ಪೊಟ್ಟಣ ಪಾಷಾಣ ತಂದು ಮಡಗಿದ್ರೆ ಸರಿಹೋಯ್ತದೆ" ಎಂದು ಮಗ ಇನ್ನೊಂದು ಕಡೆ. ಈ ಮೂರು ಮಾತಿನ ನಡುವೆ ಇಲಿ ಮಾತ್ರ ಹೊಟ್ಟೆ ತುಂಬಿಸಿಕೊಂಡು ಮರಿ ಹಾಕುತ್ತದೆ.

ಮೂರು ಮಾತಿನಲ್ಲಿ ಕೊನೆಯದೇ ಅಪಾಯದ ಮಾತು. ಇಲಿಗೆಂದು ತಂದ ಪಾಷಾಣ ಇಲಿಯನ್ನಷ್ಟೇ ಕೊಂದು ಸುಮ್ಮನಿರುವುದಿಲ್ಲ. ಆ ವಿಷಯಕ್ಕೆ ಮುಂದೆ ಬರೋಣ.

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಜಿಲ್ಲೆ ಒಂದೇ ಆದರೂ ಇಲಿ ಮನೆಗೆ ಬರುವ ದಾರಿ ನಾಲ್ಕು ಕಡೆಯೂ ಒಂದೇ ಅಲ್ಲ.

ಶ್ರೀರಂಗಪಟ್ಟಣ ಹಳೆಯ ಕೋಟೆ ಊರು. ಸುತ್ತ ಕಾವೇರಿ, ಕಂದಕ, ಕಲ್ಲಿನ ಗೋಡೆ. ಕಲ್ಲು ಕಲ್ಲಿನ ಸಂದಿಯೂ ಹೆಗ್ಗಣಕ್ಕೆ ಅರಮನೆ. ಊರೊಳಗೆ ಒಂದಕ್ಕೊಂದು ಗೋಡೆ ಅಂಟಿಕೊಂಡ ಹೆಂಚಿನ ಮನೆಗಳು ಇನ್ನೂ ಇವೆ. ಇಂಥ ಕಡೆ ಒಂದು ಮನೆಯ ಸೂರು ಹತ್ತಿದ ಇಲಿ ಬೀದಿಯ ಕೊನೆಯವರೆಗೂ ನೆಲ ಮುಟ್ಟದೆ ಹೋಗಬಲ್ಲದು. ಜೊತೆಗೆ ಇದು ಯಾತ್ರೆಯ ಸ್ಥಳ. ಸಂಗಮ, ಪಶ್ಚಿಮವಾಹಿನಿ, ಸ್ನಾನಘಟ್ಟಗಳ ಬಳಿ ಬಿಟ್ಟುಹೋದ ಪಿಂಡದ ಅನ್ನ, ಎಲೆ, ತಿಂಡಿ ಪೊಟ್ಟಣ ಎಲ್ಲವೂ ರಾತ್ರಿ ಇಲಿಯ ಪಾಲು.

ಪಾಂಡವಪುರ ನಾಲೆ ನೀರಿನ ಸೀಮೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರು, ಆಮೇಲೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ಆ ನೀರು ಬಂದ ಮೇಲೆ ಭತ್ತ, ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆ ಒಂದರ ಹಿಂದೊಂದು ಬಂದವು. ವರ್ಷವಿಡೀ ಬೆಳೆ ಇದ್ದರೆ ವರ್ಷವಿಡೀ ಇಲಿಗೂ ಊಟ. ಕಬ್ಬಿನ ಗದ್ದೆಯಂಥ ತಾಣ ಇಲಿಗೆ ಇನ್ನೊಂದಿಲ್ಲ. ಹತ್ತು ಹನ್ನೆರಡು ತಿಂಗಳು ಯಾರೂ ಒಳಗೆ ಕಾಲಿಡುವುದಿಲ್ಲ, ತಿನ್ನಲು ಸಿಹಿ, ಅಡಗಲು ತರಗು. ಕಟಾವಿನ ದಿನ ಮಾತ್ರ ಮನೆಮಠ ಕಳೆದುಕೊಂಡು ಹತ್ತಿರದ ಹಟ್ಟಿಗೆ ನುಗ್ಗುತ್ತವೆ.

ಕೆ.ಆರ್. ಪೇಟೆ ಎರಡೂ ಬಗೆ. ಹೇಮಾವತಿ ನೀರು ಹರಿಯುವ ಕಡೆ ಭತ್ತ, ಕಬ್ಬು. ಉಳಿದ ಕಡೆ ರಾಗಿ, ತೆಂಗು, ರೇಷ್ಮೆ. ಹುಳು ಸಾಕುವ ಮನೆಗೆ ಇಲಿ ನುಗ್ಗಿದರೆ ಹಣ್ಣಾದ ಹುಳುವನ್ನೂ ಬಿಡುವುದಿಲ್ಲ, ಗೂಡನ್ನೂ ಬಿಡುವುದಿಲ್ಲ. ತಿಂಗಳ ದುಡಿಮೆ ಎರಡು ರಾತ್ರಿಯಲ್ಲಿ ಮಾಯ.

ನಾಗಮಂಗಲ ಬಹುಪಾಲು ಮಳೆ ನಂಬಿದ ಸೀಮೆ. ಇಲ್ಲಿ ರಾಗಿ, ಹುರುಳಿ, ತೆಂಗು. ಕಾರ್ತೀಕ, ಮಾರ್ಗಶಿರದಲ್ಲಿ ರಾಗಿ ಕುಯ್ದು ಮೆದೆ ಒಟ್ಟಿದರೆ ಮೆದೆಯ ಬುಡದಲ್ಲೇ ಇಲಿ ಸಂಸಾರ. ತೆಂಗಿನ ಸುಳಿಯಲ್ಲಿ ಗೂಡು ಕಟ್ಟಿ ಎಳೆಗಾಯಿ ಕೊರೆದು ಉದುರಿಸುವುದೂ ಇದೇ ಮನೆಯಿಲಿಯ ಜಾತಿ. ಗರಿ ಮನೆಯ ಸೂರಿಗೆ ತಾಗಿದ್ದರಂತೂ ಮರದಿಂದ ಮನೆಗೆ ಸೇತುವೆ ಕಟ್ಟಿಕೊಟ್ಟಂತೆ.

ಯಾವ ಇಲಿ ಅಂತ ಗೊತ್ತಾಗಬೇಕು

ಎಲ್ಲವನ್ನೂ 'ಇಲಿ' ಎಂದು ಒಂದೇ ಹೆಸರಿನಲ್ಲಿ ಕರೆದರೆ ಮದ್ದು ತಪ್ಪುತ್ತದೆ. ಮನೆಯಲ್ಲಿ ಕಾಟ ಕೊಡುವುವು ಮುಖ್ಯವಾಗಿ ಮೂರು.

ಒಂದು, ಮನೆಯಿಲಿ. ತೆಳ್ಳನೆ ಮೈ, ದೊಡ್ಡ ಕಿವಿ, ಮೈಗಿಂತ ಉದ್ದದ ಬಾಲ. ಹತ್ತುವುದರಲ್ಲಿ ಗಟ್ಟಿಗ. ಅಟ್ಟ, ಸೂರು, ತೊಲೆ, ತೆಂಗಿನಮರ ಇದರ ಜಾಗ. ಎರಡು, ಬೆರಳುದ್ದದ ಸಣ್ಣಿಲಿ. ಬಟ್ಟೆ ಪೆಟ್ಟಿಗೆ, ಡಬ್ಬಿ ಸಾಲು, ಟಿ.ವಿ. ಹಿಂಭಾಗ, ಫ್ರಿಜ್ಜಿನ ಬುಡ ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ. ಕುಡಿಯುವ ನೀರು ಇಲ್ಲದಿದ್ದರೂ ಕಾಳಿನ ತೇವದಲ್ಲೇ ದಿನ ದೂಡುತ್ತದೆ. ಮೂರು, ಹೆಗ್ಗಣ. ಇದು ನೆಲದ ಪ್ರಾಣಿ. ಚರಂಡಿ, ಕೊಟ್ಟಿಗೆ, ಪಾಯದ ಬುಡ ತೋಡಿ ಮಣ್ಣು ಗುಡ್ಡೆ ಹಾಕುತ್ತದೆ. ಹಳೆ ಮನೆಯ ನೆಲ ಕುಸಿದರೆ ಅನೇಕ ಸಲ ಅದು ಹೆಗ್ಗಣದ ಕೆಲಸ.

ಇದಲ್ಲದೆ ಮೂತಿ ಚೂಪಾದ, ಗೋಡೆ ಪಕ್ಕ ಚಿಕ್ ಚಿಕ್ ಎಂದು ಓಡುವ, ಕೆಟ್ಟ ವಾಸನೆ ಬಿಡುವ ಸೊಂಡಿಲಿ ಇದೆ. ಮೂಗಿಲಿ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಇಲಿ ಇದ್ದರೂ ಜಾತಿಯಲ್ಲಿ ಇಲಿಯಲ್ಲ. ತಿನ್ನುವುದು ಹೆಚ್ಚಾಗಿ ಜಿರಲೆ, ಹುಳಹುಪ್ಪಟೆ. ಕಾಳಿನ ಮೂಟೆ ಕೊರೆಯುವುದು ಇದರ ಕಸುಬಲ್ಲ. ಇದನ್ನು ಹೊಡೆದು ಇಲಿ ಕಾಟ ಮುಗಿಯಿತು ಎಂದುಕೊಂಡರೆ ಕಳ್ಳನ ಬದಲು ದಾರಿಹೋಕನನ್ನು ಹಿಡಿದಂತಾಯಿತು.

ಹಿಕ್ಕೆ ನೋಡಿದರೆ ಯಾವುದು ಎಂದು ಹೇಳಬಹುದು. ಅಕ್ಕಿ ಕಾಳಿಗಿಂತ ಚಿಕ್ಕದು, ತುದಿ ಚೂಪು ಆದರೆ ಸಣ್ಣಿಲಿ. ಅದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದರೆ ಮನೆಯಿಲಿ. ಇನ್ನೂ ದಪ್ಪ, ನೆಲದಲ್ಲಿ ಮಣ್ಣಿನ ಗುಡ್ಡೆಯೂ ಇದ್ದರೆ ಹೆಗ್ಗಣ. ಗೋಡೆಯ ಅಂಚಿನಲ್ಲಿ, ತೊಲೆಯ ಮೇಲೆ ಎಣ್ಣೆಗಪ್ಪು ಗೆರೆ ಕಂಡರೆ ಅದೇ ಇಲಿ ದಿನಾ ಓಡಾಡುವ ರಸ್ತೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ

ಇಲಿ ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಆರೆಂಟು ಮರಿ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೂ ಮರಿ ಹಾಕುವಷ್ಟು ಬಲಿಯುತ್ತವೆ. ಹಾಗಾಗಿ 'ಒಂದೇ ಇಲಿ ಇದೆ, ಇರಲಿ' ಎಂದು ಬಿಟ್ಟ ಮನೆಯಲ್ಲಿ ಯುಗಾದಿ ಹೊತ್ತಿಗೆ ಒಂದು ಹಟ್ಟಿಯೇ ಆಗಿರುತ್ತದೆ.

ಬೆಳೆದ ಇಲಿಯೊಂದು ದಿನಕ್ಕೆ 20 ಗ್ರಾಂ ಆಸುಪಾಸು ತಿನ್ನುತ್ತದೆ. ಹತ್ತು ಇಲಿ ಇದ್ದರೆ ದಿನಕ್ಕೆ 200 ಗ್ರಾಂ, ತಿಂಗಳಿಗೆ 6 ಕೆ.ಜಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ ಗೊತ್ತುಮಾಡಿದ್ದು 5 ಕೆ.ಜಿ. ಧಾನ್ಯ. ಅಂದರೆ ರೇಷನ್ ಕಾರ್ಡಿನಲ್ಲಿ ಹೆಸರೇ ಇಲ್ಲದ ಒಬ್ಬ ಸದಸ್ಯ ಒಬ್ಬರ ಪಾಲಿಗಿಂತ ಹೆಚ್ಚು ತಿನ್ನುತ್ತಿದ್ದಾನೆ! ತಿಂದದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಹಿಕ್ಕೆ, ಉಚ್ಚೆ, ಕೂದಲು ಬಿದ್ದ ಕಾಳನ್ನು ಕೇರಿ ಒನೆದು ಬಳಸುವ ಬಡವರ ಮನೆಗಳಲ್ಲಿ ಆ ಕೊಳೆಯೂ ಅನ್ನದ ಜೊತೆ ಹೊಟ್ಟೆಗೆ ಹೋಗುತ್ತದೆ.

ಇಲಿಯ ಮುಂಬಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಸಲೆಂದು ಮರ, ಪ್ಲಾಸ್ಟಿಕ್, ಸೀಸ, ವೈರು ಎಲ್ಲ ಕಡಿಯುತ್ತದೆ. ವೈರಿನ ಮೇಲ್ಪದರ ಕಿತ್ತರೆ ಶಾರ್ಟ್ ಆಗಿ ಬೆಂಕಿ. ಟ್ರಂಕಿನಲ್ಲಿಟ್ಟ ಕ್ರಯಪತ್ರ, ಹಳೆಯ ಕೈಬರಹದ ಪಹಣಿ, ಮಕ್ಕಳ ಅಂಕಪಟ್ಟಿ ಚೂರಾದರೆ ಮತ್ತೆ ನಕಲು ಪಡೆಯಲು ಎಷ್ಟು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಬೇಕು ಎಂಬುದು ಹತ್ತಿದವರಿಗೇ ಗೊತ್ತು.

ಇಲಿ ಬಿದ್ದರೆ ಊರು ಬಿಡುತ್ತಿದ್ದ ಕಾಲ

ಈಗಿನವರಿಗೆ ಇಲಿ ಎಂದರೆ ಕಿರಿಕಿರಿ. ಮುತ್ತಜ್ಜನ ಕಾಲದವರಿಗೆ ಇಲಿ ಎಂದರೆ ನಡುಕ. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರು ಸೀಮೆಗೂ ಹಬ್ಬಿತು. ಸೂರಿನಿಂದ ಇಲಿ ತಾನಾಗಿ ಸತ್ತು ಬಿದ್ದರೆ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿದ ಊರುಗಳೂ ಉಂಟು. ಮೈಸೂರಿನಲ್ಲಿ ಇಕ್ಕಟ್ಟಿನ ಬೀದಿ ಒಡೆದು ಅಗಲ ಮಾಡಿ ಹೊಸ ಬಡಾವಣೆ ಕಟ್ಟಲು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿದ್ದರ ಹಿಂದೆಯೂ ಈ ಪ್ಲೇಗಿನ ಪೆಟ್ಟು ಇತ್ತು.

ಇಲಿಯ ಮೈಮೇಲಿನ ಚಿಗಟ ಕಚ್ಚಿ ಪ್ಲೇಗು ಹರಡುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದ. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಜನ ಮತ್ತೆ ಊರು ಬಿಟ್ಟರು. ಆ ಮೇಲೆ ಆ ನಗರ ಕಸ ತೆಗೆಯುವ ವ್ಯವಸ್ಥೆಯನ್ನೇ ತಿದ್ದಿಕೊಂಡಿತು. ಈಗ ಪ್ಲೇಗಿಗೆ ಔಷಧಿ ಇದೆ. ಆದರೂ ಪಾಷಾಣ ಇಡದೆಯೇ ಒಂದೇ ಕಡೆ ಹಲವು ಇಲಿ ಸತ್ತು ಬಿದ್ದರೆ ಮುಚ್ಚಿಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಜಾಣತನ.

ಇಂದಿನ ನಿಜವಾದ ಭಯ ಇಲಿಜ್ವರ. ಇಲಿಯ ಉಚ್ಚೆ ಬಿದ್ದ ನೀರು, ಕೆಸರು ಕಾಲಿನ ಗಾಯದ ಮೂಲಕ ಮೈಗೆ ಸೇರಿದರೆ ಬರುವ ಕಾಯಿಲೆ. ನಾಟಿ ಮಾಡುವ ಹೆಣ್ಣಾಳು, ಕಬ್ಬು ಕಡಿಯುವವರು, ಚರಂಡಿ ಶುಚಿ ಮಾಡುವ ಪೌರಕಾರ್ಮಿಕರು ಇದಕ್ಕೆ ಮೊದಲ ಗುರಿ. ಏಕಾಏಕಿ ಜ್ವರ, ತಲೆನೋವು, ಮೀನಖಂಡದಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪಾಗುವುದು ಇದರ ಗುರುತು. ಬೇಗ ಆಸ್ಪತ್ರೆಗೆ ಹೋದರೆ ಸಾಮಾನ್ಯ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕಾಮಾಲೆ ಎಂದು ನಾಟಿ ಮದ್ದಿಗೆ ಕಾದು ಕೂತರೆ ಮೂತ್ರಪಿಂಡ ಕೈಕೊಡುತ್ತದೆ. ಕೆಸರಿನ ಕೆಲಸ ಮಾಡಿ ಜ್ವರ ಬಂದವರು 'ಗದ್ದೆಗೆ ಇಳಿದಿದ್ದೆ' ಎಂಬ ಒಂದು ಮಾತನ್ನು ಡಾಕ್ಟರಿಗೆ ಹೇಳುವುದು ಮರೆಯಬಾರದು.

ಸಕ್ಕರೆ ಕಾಯಿಲೆ ಇರುವ ವಯಸ್ಸಾದವರದು ಇನ್ನೊಂದು ಕಷ್ಟ. ಕಾಲು ಮರಗಟ್ಟಿರುತ್ತದೆ. ರಾತ್ರಿ ಇಲಿ ಬೆರಳು ಕಡಿದರೂ ಎಚ್ಚರವಾಗುವುದಿಲ್ಲ. ಬೆಳಗ್ಗೆ ಹಾಸಿಗೆ ಮೇಲೆ ರಕ್ತ ಕಂಡಾಗಲೇ ತಿಳಿಯುವುದು. ಅಂಥವರು ನೆಲದ ಮೇಲೆ ಮಲಗದೆ ಮಂಚದ ಮೇಲೆ ಸೊಳ್ಳೆಪರದೆ ಸಿಕ್ಕಿಸಿಕೊಂಡು ಮಲಗಬೇಕು. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಬೇಕು.

ಇಲಿ ಹಿಂದೆಯೇ ಹಾವು ಬರುತ್ತದೆ. ನಾಗರಹಾವಿಗೂ ಮಂಡಲದ ಹಾವಿಗೂ ಮನೆ ಮೇಲೆ ಹಗೆಯೇನಿಲ್ಲ, ಇಲಿ ಮೇಲೆ ಆಸೆ ಅಷ್ಟೆ. ಸೌದೆ ರಾಶಿ, ಹುಲ್ಲಿನ ಮೆದೆ ಮನೆಗೆ ತಾಗಿದಂತಿದ್ದರೆ ಇಬ್ಬರಿಗೂ ಅನುಕೂಲ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಆದೇಶ ಒಳ್ಳೆಯದೇ. ಆದರೆ ಕಡಿತ ತಪ್ಪಿಸಲು ಮೊದಲು ಇಲಿ ತಪ್ಪಿಸಬೇಕು.

ಪಾಷಾಣದ ಪೊಟ್ಟಣ

ಈಗ ಪಾಷಾಣದ ಮಾತು. ಸಂತೆಯ ದಿನ ಅಂಗಡಿ ಮುಂದೆ ನಡೆಯುವ ವ್ಯಾಪಾರ ಸಾಮಾನ್ಯವಾಗಿ ಇಷ್ಟೇ.

"ಅಣ್ಣಾ, ಇಲಿ ಔಷ್ದಿ ಕೊಡಿ."

"ಯಾವ್ದು ಬೇಕವ್ವ? ಪೇಸ್ಟೋ, ಪುಡಿನೋ, ಬಿಲ್ಲೆನೋ?"

"ಜಲ್ದಿ ಸಾಯೋ ಅಂಥದ್ದು ಕೊಡಿ."

ಮುಗಿಯಿತು. ಒಳಗೆ ಏನಿದೆ ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಆ ಪೊಟ್ಟಣ ಸಕ್ಕರೆ, ಕಾಫಿಪುಡಿ, ಬಿಸ್ಕತ್ತಿನ ಜೊತೆ ಒಂದೇ ಚೀಲದಲ್ಲಿ ಮನೆಗೆ ಬರುತ್ತದೆ.

ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿ ಇರುವುದು ಹಳದಿ ರಂಜಕ. ಇದು ಹೊಟ್ಟೆಗೆ ಹೋದರೆ ಇದಕ್ಕೆಂದೇ ಇರುವ ಮಾರುಮದ್ದಿಲ್ಲ. ಇದರ ಮೋಸ ಏನೆಂದರೆ ಮೊದಲ ದಿನ ವಾಂತಿ, ಹೊಟ್ಟೆನೋವು ಅಷ್ಟೆ. ಆಮೇಲೆ ಒಂದೆರಡು ದಿನ ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ಗಂಡಾಂತರ ಕಳೆಯಿತು ಎಂದು ಆಸ್ಪತ್ರೆಯಿಂದ ಕರೆದುಕೊಂಡು ಹೋಗುವುದೂ ಉಂಟು. ಅಷ್ಟರಲ್ಲಿ ಯಕೃತ್ತು ಒಳಗೊಳಗೇ ಸೋತಿರುತ್ತದೆ. ಕಪ್ಪು ಪುಡಿಯಲ್ಲಿ ಇರುವುದು ಸತುವಿನ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದರೆ ವಿಷಗಾಳಿಯಾಗುತ್ತದೆ. ಅದೂ ಮಾರುಮದ್ದಿಲ್ಲದ್ದೇ. ಇನ್ನು ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಇದನ್ನು ವಾಸದ ಮನೆಯಲ್ಲಿ ಇಡಲೇಬಾರದು. ಇದರ ಮಾರಾಟಕ್ಕೆ ಕಾನೂನಿನ ಕಟ್ಟುಪಾಡಿದೆ. ಮುಚ್ಚಿದ ಕೋಣೆಯಲ್ಲಿ ಮಾತ್ರೆ ಇಟ್ಟು ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದೇಳದೆ ಹೋದ ಸುದ್ದಿಗಳು ದೇಶದ ನಾನಾ ಕಡೆಯಿಂದ ಬಂದಿವೆ.

ಬೋಂಡಕ್ಕೆ, ಟೊಮೇಟೊಗೆ, ತೆಂಗಿನ ಚೂರಿಗೆ ಪಾಷಾಣ ಸವರಿ ಮೂಲೆಯಲ್ಲಿ ಇಡುವ ರೂಢಿ ಎಲ್ಲ ಊರಲ್ಲೂ ಇದೆ. ಅಂಬೆಗಾಲಿಡುವ ಮಗುವಿಗೆ ಅದು ಪಾಷಾಣ ಎಂದು ಹೇಗೆ ಗೊತ್ತಾಗಬೇಕು? ಮಿಕ್ಕ ಅರ್ಧ ಟ್ಯೂಬು ದೇವರ ಗೂಡಿನಲ್ಲೋ, ಟೂತ್‌ಪೇಸ್ಟಿನ ಪಕ್ಕದಲ್ಲೋ ಕೂತಿರುತ್ತದೆ. ಇನ್ನೂ ಕಹಿಯಾದ ಮಾತೊಂದಿದೆ. ಸಾಲ, ಜಗಳ, ಪರೀಕ್ಷೆ ಫೇಲು ಎಂದು ಮನಸ್ಸು ಕೆಟ್ಟ ಹೊತ್ತಿನಲ್ಲಿ ಕೈಗೆ ಸಿಗುವುದೂ ಇದೇ ಟ್ಯೂಬು. ಆ ಒಂದು ಗಳಿಗೆಯಲ್ಲಿ ಮನೆಯಲ್ಲಿ ಪಾಷಾಣ ಇಲ್ಲದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಮನಸ್ಸಿನ ಸಂಕಟಕ್ಕೆ 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಿಸುತ್ತಾರೆ.

ಯಾರೇ ಆಗಲಿ ಪಾಷಾಣ ತಿಂದಿದ್ದಾರೆಂದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಹಾಲು, ಎಣ್ಣೆ, ತುಪ್ಪ ಕುಡಿಸಬಾರದು. ರಂಜಕ ಜಿಡ್ಡಿನ ಜೊತೆ ಬೇಗ ಮೈಗೆ ಹತ್ತುತ್ತದೆ. 108ಕ್ಕೆ ಫೋನು ಮಾಡಿ, ತಿಂದ ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು. 'ಈಗ ಚೆನ್ನಾಗವ್ನೆ' ಎಂದು ಎರಡನೆಯ ದಿನವೇ ಮನೆಗೆ ಕರೆತರಬಾರದು.

ಪಾಷಾಣ ಇಡಲೇಬೇಕಾದ ಪರಿಸ್ಥಿತಿ ಬಂದರೆ ಬ್ರೋಮಡಿಯೋಲೋನ್ ಎಂಬ ಔಷಧಿಯ ಸಿದ್ಧ ಬಿಲ್ಲೆ ಇದೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಸಾಯಲು ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ. ಹಾಗಾಗಿ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ. ಇದಕ್ಕೆ ಕೆ ವಿಟಮಿನ್ನಿನ ಮಾರುಮದ್ದು ಆಸ್ಪತ್ರೆಯಲ್ಲಿ ಸಿಗುತ್ತದೆ. ಹಾಗೆಂದು ಇದೇನು ಪ್ರಸಾದವಲ್ಲ. ಮಗುವಿನ ಕೈ, ನಾಯಿಯ ಬಾಯಿ ತಲುಪದಂತೆ ಇಲಿ ಮಾತ್ರ ನುಗ್ಗುವ ತೂತಿನ ಡಬ್ಬಿಯೊಳಗೆ ಕಟ್ಟಿ ಇಡಬೇಕು. ದಿನಾ ಎಣಿಸಬೇಕು, ಉಳಿದದ್ದನ್ನು ಹೂಳಬೇಕು.

ಮೊದಲು ಬಾಗಿಲು ಮುಚ್ಚಿ

ಮನೆ ಬಾಗಿಲು ತೆರೆದಿಟ್ಟು ಕಳ್ಳನನ್ನು ಹಿಡಿಯಲು ಹೊರಟಂತೆ, ತೂತು ಮುಚ್ಚದೆ ಇಲಿ ಕೊಲ್ಲುವುದು. ಒಂದು ಸತ್ತರೆ ಜಾಗ ಖಾಲಿ ಎಂದು ಇನ್ನೊಂದು ಬರುತ್ತದೆ. ಸಣ್ಣಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಕಾಲಿಂಚಿನ ಸಂದಿ ಸಾಕು. ಎಳೆ ಇಲಿಗೆ ಅರ್ಧ ಇಂಚು ಸಾಕು.

ಒಂದು ಭಾನುವಾರ ಮನೆಯ ಸುತ್ತ ಸುತ್ತಿ ನೋಡಬೇಕು. ಬಚ್ಚಲಿನ ನೀರು ಹೋಗುವ ತೂತಿಗೆ ಕಬ್ಬಿಣದ ಜಾಲರಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ. ವೈರು, ಪೈಪು ಗೋಡೆ ತೂರುವ ಕಡೆ ಪಾತ್ರೆ ಉಜ್ಜುವ ಕಬ್ಬಿಣದ ನಾರು ತುರುಕಿ ಮೇಲೆ ಸಿಮೆಂಟು. ಹೆಗ್ಗಣದ ಬಿಲಕ್ಕೆ ಒಡೆದ ಗಾಜು, ಜಲ್ಲಿ, ಸಿಮೆಂಟು ಬೆರೆಸಿ ಗಿಡಿಯಬೇಕು. ಬರೀ ಮಣ್ಣು, ಬಟ್ಟೆ, ಪ್ಲಾಸ್ಟಿಕ್ ತುರುಕಿದರೆ ಅದು ಇಲಿಗೆ ಹಲ್ಲುಪುಡಿ ಇದ್ದಂತೆ. ಹೆಂಚಿನ ಮನೆಯಲ್ಲಿ ಗೋಡೆ, ಸೂರು ಸೇರುವ ಸಂದಿಯೇ ಹೆದ್ದಾರಿ. ಅಲ್ಲಿಗೆ ಸಣ್ಣ ಕಣ್ಣಿನ ತಂತಿಬಲೆ ಬಡಿಯಬೇಕು. ಸೂರಿಗೆ ತಾಗುವ ಕೊಂಬೆ, ಗರಿ ಸವರಬೇಕು. ತೆಂಗಿನಮರಕ್ಕೆ ಆಳೆತ್ತರಕ್ಕಿಂತ ಮೇಲೆ ಸುಮಾರು 40 ಸೆಂ.ಮೀ. ಅಗಲದ ನುಣುಪು ತಗಡು ಸುತ್ತಿದರೆ ಇಲಿ ಜಾರುತ್ತದೆ. ಗರಿ ಗರಿ ತಾಗುವ ತೋಟದಲ್ಲಿ ಒಂದು ಮರಕ್ಕೆ ಸುತ್ತಿ ಪ್ರಯೋಜನವಿಲ್ಲ.

ಎರಡನೆಯದು ಊಟ ಬಂದ್. ರಾತ್ರಿ ಎಂಜಲು ಪಾತ್ರೆ, ಮುಸುರೆ ಬಾನಿ, ಕೋಳಿಗೆ ಹಾಕಿದ ನುಚ್ಚು, ನಾಯಿ ಬಿಟ್ಟ ಅನ್ನ ಹೊರಗಿರಬಾರದು. ದೇವರ ಮನೆಯ ಎಣ್ಣೆಬತ್ತಿ, ಬಾಳೆಹಣ್ಣನ್ನೂ ಇಲಿ ಬಿಡುವುದಿಲ್ಲ.

ಹಗೇವು ಹೋಯಿತು, ಮೂಟೆ ಬಂತು

ಹಾಗೆ ನೋಡಿದರೆ ಹಿಂದಿನವರು ಇಲಿಯ ವಿಷಯದಲ್ಲಿ ನಮಗಿಂತ ಜಾಣರು. ರಾಗಿ ಸೀಮೆಯಲ್ಲಿ ಗಟ್ಟಿ ನೆಲ ನೋಡಿ ಹಗೇವು ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇಲಿಯೂ ಇಲ್ಲ, ಹುಳುವೂ ಇಲ್ಲ. ಒಳಗಿನ ಗಾಳಿಯಲ್ಲಿ ಯಾವ ಜೀವವೂ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಇಳಿಯದೆ, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಇಳಿಯುವ ಪದ್ಧತಿ. ಮನೆಯೊಳಗೆ ಗುಡಾಣ, ವಾಡೆ, ಮರದ ಕಣಜ ಇರುತ್ತಿದ್ದವು.

ಈಗ ಹಗೇವು ಮುಚ್ಚಿದವು. ಭತ್ತ, ರಾಗಿ, ರೇಷನ್ ಅಕ್ಕಿ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ನಡುಮನೆ ಮೂಲೆಗೆ ಬಂದವು. ಚೀಲದಷ್ಟು ಸಲೀಸಾದ ಊಟದ ತಟ್ಟೆ ಇಲಿಗೆ ಬೇರಿಲ್ಲ. ಕೈಲಾದವರು ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮು ಕೊಳ್ಳಬೇಕು. ಆಗದವರು ಮೂಟೆಯನ್ನು ನೆಲದಿಂದ ಒಂದಡಿ ಎತ್ತರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರಕ್ಕೆ ಇಡಬೇಕು. ಸುತ್ತ ಕಣ್ಣಾಡಿಸಲು ಜಾಗವಿದ್ದರೆ ಇಲಿಗೆ ಧೈರ್ಯ ಸಾಲದು. ವಾರಕ್ಕೊಮ್ಮೆ ಮೂಟೆ ಸರಿಸಿ ಗುಡಿಸಿದರೆ ಗೂಡು ಕಟ್ಟಲು ಪುರುಸೊತ್ತು ಸಿಗುವುದಿಲ್ಲ.

ಗುಡಿಸುವಾಗ ಒಂದು ಎಚ್ಚರ. ಒಣಗಿದ ಹಿಕ್ಕೆಯನ್ನು ಹಾಗೇ ಪೊರಕೆಯಲ್ಲಿ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಸತ್ತ ಇಲಿಯನ್ನು ಬರಿಗೈಲಿ ಮುಟ್ಟದೆ ಪ್ಲಾಸ್ಟಿಕ್ ಕವರಿನಲ್ಲಿ ಕೈ ತೂರಿಸಿ ಹಿಡಿದು ಆಳವಾಗಿ ಹೂಳಬೇಕು. ನಾಲೆಗೆ, ಚರಂಡಿಗೆ, ಪಕ್ಕದ ಮನೆ ತಿಪ್ಪೆಗೆ ಎಸೆಯುವುದಲ್ಲ.

ಬೋನು ಇಡುವುದೂ ಒಂದು ವಿದ್ಯೆ

'ಬೋನು ಇಟ್ರೆ ಬೀಳಾಕಿಲ್ಲ' ಎಂದು ದೂರುವವರು ಹೆಚ್ಚು. ಬೋನಿನ ತಪ್ಪಲ್ಲ, ಇಡುವ ಕ್ರಮದ ತಪ್ಪು. ಇಲಿ ಹೊಸ ವಸ್ತುವಿಗೆ ಅಂಜುತ್ತದೆ. ಆದ್ದರಿಂದ ಎರಡು ಮೂರು ರಾತ್ರಿ ಬೋನಿನ ಬಾಯಿ ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರು, ಕಡಲೆಕಾಯಿ ಬೀಜ, ವಡೆ ತುಂಡು ಇಟ್ಟು ತಿನ್ನಲು ಬಿಡಬೇಕು. ರುಚಿ ಹತ್ತಿದ ಮೇಲೆ ನಾಲ್ಕನೆಯ ರಾತ್ರಿ ಬೋನು ಹೂಡಬೇಕು. ನಡುಮನೆಯಲ್ಲಿ ಅಲ್ಲ, ಗೋಡೆಯಂಚಿನ ಕಪ್ಪು ಗೆರೆಯ ದಾರಿಯಲ್ಲಿ ಇಡಬೇಕು. ಒಂದೇ ಬೋನನ್ನು ಹತ್ತು ರಾತ್ರಿ ಇಡುವ ಬದಲು ಹತ್ತು ಬೋನನ್ನು ಒಂದೇ ರಾತ್ರಿ ಇಟ್ಟರೆ ಬೀಳುವುದು ಹೆಚ್ಚು. ಅಕ್ಕಪಕ್ಕದವರು ಬೋನು ಕೂಡಿಸಿಕೊಂಡರೆ ಇದೇನು ಕಷ್ಟವಲ್ಲ.

ಹಿಡಿದ ಇಲಿಯನ್ನು ಕತ್ತಲಲ್ಲಿ ಪಕ್ಕದ ಬೀದಿಗೆ ಬಿಟ್ಟುಬರುವ ಪುಣ್ಯವಂತರೂ ಇದ್ದಾರೆ. ಪಕ್ಕದ ಬೀದಿಯವರೂ ಅದೇ ಪುಣ್ಯ ಮಾಡುತ್ತಾರೆ. ಲೆಕ್ಕ ಸರಿಹೋಗುತ್ತದೆ. ಅಂಟಿನ ಹಲಗೆಯಂತೂ ಬೇಡ. ಇಲಿ ದಿನಗಟ್ಟಲೆ ನರಳಿ ಸಾಯುತ್ತದೆ, ಅದಕ್ಕೆ ಹಲ್ಲಿ, ಹಕ್ಕಿಯೂ ಸಿಕ್ಕಿಕೊಳ್ಳುತ್ತವೆ. ಕಿವಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸುತ್ತದೆ ಎಂದು ಮಾರುವ ಪ್ಲಗ್ಗಿನ ಯಂತ್ರಕ್ಕೆ ನಾಲ್ಕೇ ದಿನದಲ್ಲಿ ಇಲಿ ಒಗ್ಗಿಹೋಗುತ್ತದೆ. ಇನ್ನು ಗದ್ದೆಯ ಬದುವಿಗೆ ಕರೆಂಟು ಬಿಡುವುದು ಇಲಿ ಹಿಡಿಯುವ ಉಪಾಯವಲ್ಲ, ಕೊಲೆಯ ಉಪಾಯ. ನೀರು ಕಟ್ಟಲು ಹೋದ ಮನೆಯ ಮಗನೇ ಮೊದಲು ಸಿಕ್ಕಿಕೊಳ್ಳುತ್ತಾನೆ.

ಬೆಕ್ಕು ಮನೆಯಲ್ಲಿದ್ದರೆ ಸಣ್ಣಿಲಿ ಕಡಿಮೆಯಾಗುತ್ತದೆ ನಿಜ. ಹೆಗ್ಗಣದ ಮುಂದೆ ಹಾಲು ಕುಡಿದ ಬೆಕ್ಕೂ ದಾರಿ ಬಿಡುತ್ತದೆ. ನಿಜವಾದ ಬಂಟರು ಹೊರಗಿದ್ದಾರೆ. ಕೇರೆಹಾವು ವಿಷವಿಲ್ಲದ್ದು, ಬಿಲದೊಳಗೇ ನುಗ್ಗಿ ಇಲಿ ಹಿಡಿಯುತ್ತದೆ. ಅದನ್ನು ಕೊಲ್ಲುವುದು ಕಾನೂನಿನಲ್ಲೂ ಅಪರಾಧ. ಬಿಳಿ ಮೋರೆಯ ಕಣಜಗೂಬೆ ರಾತ್ರಿಗೆ ಹಲವು ಇಲಿ ಹಿಡಿಯಬಲ್ಲದು. ನಾವೋ, ಕೇರೆ ಕಂಡರೆ ದೊಣ್ಣೆ, ಗೂಬೆ ಕಂಡರೆ ಅಪಶಕುನ! ಆಮೇಲೆ ಇಲಿ ಹೆಚ್ಚಾಯಿತೆಂದು ಪಾಷಾಣ. ಆ ಪಾಷಾಣ ತಿಂದ ಇಲಿಯನ್ನು ತಿಂದು ಉಳಿದ ಗೂಬೆಯೂ ಸಾಯುತ್ತದೆ.

ಗಂಟೆ ಕಟ್ಟುವವರು ಯಾರು?

ಮನೆಯವರು ಮಾಡುವುದನ್ನೆಲ್ಲ ಮಾಡಿದರೂ ಬೀದಿಯ ಚರಂಡಿ ಹೂಳು ತುಂಬಿ, ತಿಪ್ಪೆ ಮೂರು ದಿನ ಕೊಳೆತರೆ ಫಲವೇನು? ಚರಂಡಿ ಶುಚಿ, ಕಸ ಸಾಗಣೆ 1964ರ ಪುರಸಭೆ ಕಾಯ್ದೆಯಂತೆಯೇ ಪುರಸಭೆಯ ಕರ್ತವ್ಯ. ಸೊಳ್ಳೆಗೆ ಹೊಗೆ ಹಾಕಿಸಿದಷ್ಟೇ ಶ್ರದ್ಧೆಯಿಂದ ಸಂತೆಮಾಳ, ಮಾಂಸದಂಗಡಿ, ಹೋಟೆಲು ಸಾಲಿನ ಕಸ ಅಂದಂದೇ ಎತ್ತಿಸಿದರೆ ಅರ್ಧ ಇಲಿ ಹಸಿವಿನಲ್ಲೇ ಕಡಿಮೆಯಾಗುತ್ತದೆ. ಕಲ್ಲುಚಪ್ಪಡಿ ಮುರಿದ ಚರಂಡಿಗಳಿಗೆ ಚಪ್ಪಡಿ ಹಾಕಿಸಲು ದೊಡ್ಡ ಯೋಜನೆ ಬೇಕಿಲ್ಲ. ಪೌರಕಾರ್ಮಿಕರಿಗೆ ಬೂಟು, ಕೈಗವಸು ಕಾಗದದ ಮೇಲಲ್ಲದೆ ಕೈಗೇ ಸಿಕ್ಕರೆ ಇಲಿಜ್ವರದಿಂದ ಅವರೂ ಬಚಾವು.

ಹಳ್ಳಿಗಳಲ್ಲಿ ಕೆಲಸ ಗದ್ದೆಯಿಂದ ಶುರುವಾಗಬೇಕು. ನಾಟಿಗೆ ಮುಂಚೆ, ಇಡೀ ಬಯಲಿನ ರೈತರು ಒಂದೇ ವಾರದಲ್ಲಿ ಬದು ಕೆತ್ತಿ, ಬಿಲ ಮುಚ್ಚಿ, ಮಾರನೆಯ ದಿನ ಮತ್ತೆ ತೆರೆದ ಬಿಲಗಳಿಗೆ ಮಾತ್ರ ಮದ್ದಿಟ್ಟರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ. ಒಬ್ಬ ಇಟ್ಟು ಒಬ್ಬ ಬಿಟ್ಟರೆ ಇಲಿ ಬದು ದಾಟುತ್ತದೆ ಅಷ್ಟೆ. ಮದ್ದಿನ ಅಳತೆ, ವಿಧಾನವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ವಿ.ಸಿ. ಫಾರಂನಲ್ಲೋ ಕೇಳಿ ತಿಳಿಯಬಹುದು. ಅಂಗಡಿಯವನ ಅಂದಾಜಿಗಿಂತ ಅದು ವಾಸಿ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಹಿಂದೆ ಇಲಿಗಳು ಸಭೆ ಸೇರಿದ್ದವಂತೆ. ಈಗ ಸಭೆ ಸೇರಬೇಕಾದವರು ಮನುಷ್ಯರು. ಈ ಸುಗ್ಗಿ ಮುಗಿಯುವ ಮುಂಚೆ ಬೀದಿಗೊಂದು ಭಾನುವಾರ ಗೊತ್ತುಮಾಡಿ ತೂತು ಮುಚ್ಚಲಿ, ಮೂಟೆ ಎತ್ತಲಿ, ಬೋನು ಹೂಡಲಿ. ಪುರಸಭೆ ಅದೇ ದಿನ ಆ ಬೀದಿಯ ಚರಂಡಿ ತೆಗೆಸಲಿ. ಅಷ್ಟಾದರೆ ಸಂತೆ ಚೀಲದಲ್ಲಿ ಪಾಷಾಣದ ಟ್ಯೂಬಿಗೆ ಜಾಗ ಬೇಕಾಗುವುದಿಲ್ಲ. ಮನೆಯಲ್ಲಿ ಮಕ್ಕಳಿರುವವರು ಇವತ್ತೇ ಗೂಡು, ಅಟ್ಟ, ಕಿಟಕಿಯ ಮೂಲೆ ತಡಕಿ ನೋಡಲಿ. ಹಳೆಯ ಅರ್ಧ ಟ್ಯೂಬು ಸಿಕ್ಕರೆ ಕವರು ಸುತ್ತಿ ಊರಾಚೆ ಆಳವಾಗಿ ಹೂತು, ಕೈ ಸೋಪಿನಲ್ಲಿ ತೊಳೆದುಕೊಳ್ಳಲಿ. ಇಲಿಗಿಂತ ಮೊದಲು ಮನೆ ಬಿಡಬೇಕಾದ್ದು ಅದು.